ಸಿದ್ದಾಪುರದ ಪಟ್ಟಿಗೆ ಎಂಟು ಬ್ಯಾಕ್‌ಸ್ಲ್ಯಾಶ್

ನಾವೆಲ್ಲ ಹಿರಿಯರು ಎಂದೇ ಕರೆಯುವ ಹೊಸ ಸಹೋದ್ಯೋಗಿ ನಮ್ಮ ಆಫೀಸಿಗೆ ಸೇರಿದ ಮೂರನೆಯ ವಾರಕ್ಕೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಮೊದಲೇ ಹೇಳಿಬಿಡುತ್ತೇನೆ. ಎಂಟು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸವನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಅವರು ಜಂಬದವರಾಗಿದ್ದರೆ, ಒರಟಾಗಿ ಮಾತಾಡುವವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಹೇರೂರು ಕಡೆಯ ಬಸ್ಸಿಳಿದು ಬಂದು, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಮೊದಲ ಲೋಟವನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಅದನ್ನು ಕುಡಿಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮದು ಶಿರಸಿ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲಿನ ಐದು ಜನರ ಆಫೀಸು. ಅಡಿಕೆ ಟೆಂಡರ್ ನಡೆಸುವ ಸಹಕಾರಿ ಸಂಘವೊಂದಕ್ಕೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಅದರ ಶಾಖೆ. ಬೆಳೆಗಾರರು ಚೀಲ ತಂದು ಯಾರ್ಡಿನಲ್ಲಿ ಅಡಿಕೆ ಸುರುವುತ್ತಾರೆ. ಗುಮಾಸ್ತ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಲ್ಲಿ ಸದಸ್ಯರ ಹೆಸರು ಆರಿಸಿ ಲಾಟ್ ಚೀಟಿ ಮುದ್ರಿಸಿ ಗುಡ್ಡೆಗೆ ಸಿಕ್ಕಿಸುತ್ತಾನೆ. ವ್ಯಾಪಾರಿಗಳು ಗುಡ್ಡೆಯಿಂದ ಗುಡ್ಡೆಗೆ ಹೋಗಿ, ಅಡಿಕೆ ಕಚ್ಚಿ ನೋಡಿ, ದರ ಬರೆಯುತ್ತಾರೆ. ಯಾರ್ಡಿನೊಳಗೆ ಸಿಗ್ನಲ್ ಸಿಗುವುದು ಅಪರೂಪ. ಹಾಗಾಗಿ ಆಯಾ ಶಾಖೆಯ ಸದಸ್ಯರ ಪಟ್ಟಿಯನ್ನು ಸಾಫ್ಟ್‌ವೇರಿನ ಜೊತೆಗೇ ಕಟ್ಟಿ ಆ ಯಂತ್ರಗಳಿಗೆ ತುಂಬಿಸಬೇಕು.

ಈ ಕಟ್ಟುವ, ಪರೀಕ್ಷಿಸುವ, ಶಾಖೆಗಳಿಗೆ ತಲುಪಿಸುವ ಕೆಲಸವನ್ನು ಒಂದರ ಹಿಂದೊಂದು ಆಜ್ಞೆಗಳಾಗಿ ಬರೆದಿಟ್ಟದ್ದೇ ನಮ್ಮ ಬಿಲ್ಡ್ ಪೈಪ್‌ಲೈನು. ಅದನ್ನು ಬರೆದವಳು ನಾನು. ನನ್ನನ್ನು ಬಿಟ್ಟರೆ ಬೇರೆಯವರಿಗೆ ಅದನ್ನು ಮುಟ್ಟುವ ಧೈರ್ಯ ಇರಲಿಲ್ಲ. ನಿಜ ಹೇಳಬೇಕೆಂದರೆ, ಬೇರೆಯವರು ಮುಟ್ಟಲಾಗದ ಹಾಗೆಯೇ ಅದು ಬೆಳೆದಿತ್ತು, ನಾನು ಬೆಳೆಯಲು ಬಿಟ್ಟಿದ್ದೆ. ಕೋಟ್ ಎಂಬ ಉದ್ಧರಣ ಚಿಹ್ನೆಯ ಒಳಗೆ ಕೋಟ್, ಅದರೊಳಗೆ ಇನ್ನೊಂದು ಕೋಟ್, ನಡುನಡುವೆ ಎಡಕ್ಕೆ ವಾಲಿದ ಓರೆಗೆರೆಗಳು, ಅಂದರೆ ಬ್ಯಾಕ್‌ಸ್ಲ್ಯಾಶುಗಳು. ಹೊಸಬರು ತೆರೆದು ನೋಡಿ ಕಣ್ಣು ಕಣ್ಣು ಬಿಟ್ಟರೆ ನನಗೆ ಒಳಗೊಳಗೇ ಖುಷಿ.

ಅದರಲ್ಲೊಂದು ಸಾಲಿನಲ್ಲಿ ಎಂಟು ಬ್ಯಾಕ್‌ಸ್ಲ್ಯಾಶ್ ಒಟ್ಟಿಗೆ ಇದ್ದವು. ಅದರ ಹಿನ್ನೆಲೆ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ಸಿದ್ದಾಪುರದ ಪಟ್ಟಿಯಲ್ಲಿ ಸರ್ವೆ ನಂಬರುಗಳು ಸರಿಯಾಗಿ ಬರುತ್ತಿರಲಿಲ್ಲ. ಗಣಪತಿ, ಸುಬ್ರಾಯ, ಮಂಜುನಾಥ ಎಂಬ ಹೆಸರಿನವರೇ ಹತ್ತಿಪ್ಪತ್ತು ಜನ ಇರುವಲ್ಲಿ ತೋಟದ ಸರ್ವೆ ನಂಬರೂ ಅದರೊಳಗಿನ ಪಾಲಿನ ಅಂಕೆಯಾದ ಹಿಸ್ಸೆಯೂ ಇಲ್ಲದಿದ್ದರೆ ಯಾರು ಯಾರೆಂದು ತಿಳಿಯುವುದಿಲ್ಲ. ನಾನೇ ಹೋಗಿ ಗುಮಾಸ್ತನ ಪಕ್ಕ ಕೂತು ನೋಡಿದೆ. ಅವನ ಕನ್ನಡ ಕೀಲಿಮಣೆಯಲ್ಲಿ ಓರೆಗೆರೆಯ ಕೀಲಿ ಒತ್ತಿದರೆ ‘ಯ’ ಮೂಡುತ್ತಿತ್ತು. ಪ್ರತಿ ಸಲ ಇಂಗ್ಲಿಷಿಗೆ ಬದಲಾಯಿಸುವ ರಗಳೆ ಬೇಡವೆಂದು ಅವನು ಮೇಲೆ ಬಲಕ್ಕಿದ್ದ ಬ್ಯಾಕ್‌ಸ್ಲ್ಯಾಶ್ ಒತ್ತಿ 117\3 ಎಂದು ಬರೆಯುತ್ತ ಹೋಗಿದ್ದ. ಓರೆಗೆರೆ ಯಾವ ಕಡೆ ವಾಲಿದರೇನು ಎಂಬುದು ಅವನ ಲೆಕ್ಕ. ಸಂಘದ ಮುಖ್ಯ ಕಚೇರಿಯಿಂದ ಅನುಮತಿ ಬರದೆ ಮೂಲ ಪಟ್ಟಿ ತಿದ್ದುವ ಹಾಗಿರಲಿಲ್ಲ. ಪಟ್ಟಿ ನಮ್ಮಲ್ಲಿಗೆ ಬರುವಾಗಲೇ ಆ ಗೆರೆಗಳನ್ನು ನೆಟ್ಟಗೆ ತಿರುಗಿಸುವ ಒಂದು ಆಜ್ಞೆ ಬರೆದುಬಿಟ್ಟೆ.

ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮಿನಲ್ಲಿ ಬ್ಯಾಕ್‌ಸ್ಲ್ಯಾಶಿಗೆ ಅದರದ್ದೇ ಕೆಲಸವಿದೆ, ಮುಂದಿನ ಅಕ್ಷರವನ್ನು ಹೇಗೆ ಓದಬೇಕೆಂದು ಅದು ಹೇಳುತ್ತದೆ. ಆದ್ದರಿಂದ ನಿಜವಾದ ಒಂದು ಬ್ಯಾಕ್‌ಸ್ಲ್ಯಾಶನ್ನು ಹುಡುಕು ಎಂದು ಸೆಡ್ ಎಂಬ ಉಪಕರಣಕ್ಕೆ ಹೇಳಲು ಎರಡು ಬರೆಯಬೇಕು. ಆ ಆಜ್ಞೆ ಶಾಖೆಯ ಯಂತ್ರದ ಶೆಲ್ ದಾಟಿ ಹೋಗುವಾಗ ಅರ್ಧ ಕಳೆದುಹೋಗುತ್ತದೆ, ಹಾಗಾಗಿ ನಾಲ್ಕು. ಅದಕ್ಕೂ ಮೊದಲು ನಮ್ಮ ಯಂತ್ರದ ಶೆಲ್ ದಾಟಬೇಕು, ಅಲ್ಲಿ ಮತ್ತೆ ಅರ್ಧ. ಹಾಗಾಗಿ ಎಂಟು. ಮೂರು ದಿನ ತಲೆ ಕೆಡಿಸಿಕೊಂಡು ಆ ಎಂಟಕ್ಕೆ ಬಂದು ನಿಂತಿದ್ದೆ. ಯಾಕೆಂದು ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಬರೆದಿಡಲಿಲ್ಲ.

ಹಿರಿಯರು ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುವ ಕೆಲಸದಿಂದ ಶುರುಮಾಡಿ, ಎಕ್ಸ್‌ಚೇಂಜಿನ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಮನೆಯಲ್ಲಿ ಕೂರಲಾಗದೆ ಬಂದು ಕೆಲಸ ಕೇಳಿದ್ದರು. ಮಾಲೀಕರು ಮೂರು ತಿಂಗಳು ನೋಡೋಣ ಎಂದು ಸೇರಿಸಿಕೊಂಡಿದ್ದರು. ಒಂದು ದಿನ ಆ ಆಜ್ಞೆಗಳನ್ನೆಲ್ಲ ಬರೆದಿದ್ದ ನನ್ನ ಸ್ಕ್ರಿಪ್ಟನ್ನು ಅವರೆದುರು ತೆರೆದಿಟ್ಟೆ. ಹೆದರಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಚೀಲದಿಂದ ನಾಲ್ಕು ಬಣ್ಣದ ಪೆನ್ನು ತೆಗೆದು ನೋಟುಬುಕ್ಕಿನಲ್ಲಿ ಆಜ್ಞೆಯನ್ನು ನಕಲು ಮಾಡತೊಡಗಿದರು.

"ಎಂತ ಮಾಡ್ತಾ ಇದ್ರಿ?" ಎಂದೆ.

"ಕೇಬಲ್ ಒಳಗೆ ನೂರಾರು ಜೋಡಿ ತಂತಿ ಇರ್ತು ತಂಗಿ. ಬಣ್ಣ ನೋಡೇ ಜೋಡಿ ಹಿಡಿಯವು. ಇದೂ ಹಾಂಗೇ ಕಾಣ್ತಪ. ತೆರೆದ ಕೋಟಿಗೆ ಮುಚ್ಚುವ ಕೋಟು ಯಾವ್ದು ಹೇಳಿ ಬಣ್ಣ ಹಾಕಿದ್ರೆ ಗೊತ್ತಾಗ್ತು."

ನಮ್ಮ ಶೆಲ್ಲಿನದು ನೀಲಿ, ಶಾಖೆಯ ಶೆಲ್ಲಿನದು ಕಿತ್ತಳೆ, ಸೆಡ್‌ನದು ಹಸಿರು. ಎರಡೇ ದಿನದಲ್ಲಿ ಎಲ್ಲ ಬಿಡಿಸಿದರು. ಮೂರನೆಯ ದಿನ ಬಣ್ಣಗಳೇ ಬೇಡವಾಗುವಂಥ ದಾರಿ ಹುಡುಕಿದರು. ಆಜ್ಞೆಗಳನ್ನು ಕೋಟಿನೊಳಗೆ ತುರುಕಿ ಕಳಿಸುವ ಬದಲು ಬೇರೆ ಕಡತದಲ್ಲಿ ಬರೆದು, ಆ ಕಡತವನ್ನೇ ಇಡಿಯಾಗಿ ಶಾಖೆಯ ಯಂತ್ರಕ್ಕೆ ಓದಿಸುವುದು. ಪದರ ಇಲ್ಲದಿದ್ದರೆ ಹೆಚ್ಚಿನ ಬ್ಯಾಕ್‌ಸ್ಲ್ಯಾಶೂ ಬೇಡ. ಅದು ಎಷ್ಟು ಸರಳವಾಗಿತ್ತೆಂದರೆ, ಎಂಟು ವರ್ಷ ನನಗೇಕೆ ಹೊಳೆಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನು ಅವರ ಮೇಲೆ ಹಾಕುವುದು ಸುಲಭವಿತ್ತು, ಹಾಕಿದೆ.

ಮಾಲೀಕರು ಬನವಾಸಿ ಕಡೆಯವರು. ಖುಷಿಯಾದರೆ ಇಡೀ ಮಹಡಿಗೆ ಕೇಳುವ ಹಾಗೆ ಮಾತಾಡುತ್ತಾರೆ. "ಅಬಾಬಾ! ಮೊದ್ಲು ನೋಡಿದ್ರ ತಲಿ ತಿರುಗ್ತಿತ್ತು, ಈಗ ನನಗೂ ಓದಾಕ ಬರ್ತೈತಿ ನೋಡ್ರಿ!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಇನ್ಮ್ಯಾಲೆ ಪೈಪ್‌ಲೈನ್ ಅವ್ರೇ ನೋಡ್ಕೊಳ್ಳಲಿ ಬಿಡ್ರಿ. ನೀವು ಶಾಖೆಗಳ ಫೋನ್ ಹಿಡೀರಿ. ನಿಮಗ ಮಾತು ಚಲೋ ಬರ್ತಾವು," ಎಂದರು.

ಮಾತು ಚಲೋ ಬರುತ್ತವಂತೆ. ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟೆ. ಮನೆಗೆ ಹೋದ ಮೇಲೂ ಅದೇ ಧ್ಯಾನ. ಇಡಗುಂದಿಯಿಂದ ಅಮ್ಮ ಫೋನ್ ಮಾಡಿದರೆ ಅವಳ ಮೇಲೂ ರೇಗಿದೆ. ಮರುದಿನದಿಂದ ಅವರ ಒಂದೊಂದು ಚಲನೆಯನ್ನೂ ಲೆಕ್ಕ ಇಡತೊಡಗಿದೆ. ಎಷ್ಟು ಹೊತ್ತಿಗೆ ಬಂದರು, ಯಾರು ಅವರ ಮೇಜಿನ ಹತ್ತಿರ ಹೋದರು, ಮಾಲೀಕರು ಎಷ್ಟು ಸಲ ನಕ್ಕರು. ಒಂದು ತಪ್ಪಾದರೂ ಸಿಗಲಿ ಎಂದು ಅವರು ಬರೆದದ್ದನ್ನು ಸಾಲು ಸಾಲಾಗಿ ಓದಿದೆ. ಸಿಗಲಿಲ್ಲ. ಓದಿ ಓದಿ ನಾನೇ ಅವರಿಂದ ಎರಡು ವಿಷಯ ಕಲಿತೆ, ಅದು ಇನ್ನೂ ದೊಡ್ಡ ಹೊಟ್ಟೆಕಿಚ್ಚು.

ಒಂದು ಮಂಗಳವಾರ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು. ಎಂಟು ಬ್ಯಾಕ್‌ಸ್ಲ್ಯಾಶಿನ ಸಾಲು ಇನ್ನೂ ಹೊಸ ಕಡತಕ್ಕೆ ಸೇರದೆ ಹಳೆಯ ಜಾಗದಲ್ಲೇ ಇತ್ತು, ಅದರ ಮೇಲೆ ಬೆರಳಿಟ್ಟರು.

"ತಂಗಿ, ಇದೊಂದು ಎಂತಕ್ಕೆ ಹೇಳಿ ಗೊತ್ತಾಜಿಲ್ಲೆ. ಬ್ಯಾಕ್‌ಸ್ಲ್ಯಾಶ್ ಹುಡುಕ್ತು, ಅದ್ರ ಜಾಗದಲ್ಲಿ ಓರೆಗೆರೆ ಹಾಕ್ತು. ಆದ್ರೆ ಪಟ್ಟಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಎಲ್ಲಿಂದ ಬತ್ತು? ಶಿರಸಿದು, ಯಲ್ಲಾಪುರದ್ದು ಎರಡೂ ನೋಡಿದಿ, ಒಂದೂ ಇಲ್ಲೆ."

ನಮ್ಮ ಪರೀಕ್ಷೆಯ ಯಂತ್ರದಲ್ಲಿದ್ದದ್ದು ಆ ಎರಡು ಪಟ್ಟಿ ಮಾತ್ರ. ಸಿದ್ದಾಪುರದ್ದು ತಲುಪಿಸುವ ಹೊತ್ತಿಗಷ್ಟೇ ಬರುತ್ತಿತ್ತು. ಒಂದು ಮಾತು, ಸಿದ್ದಾಪುರ ಎಂಬ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಯಾವ್ದೋ ಹಳೇ ಕಾಲದ್ದು ಅಣ್ಣಯ್ಯ," ಎಂದೆ. "ಯಂಗೂ ನೆನಪಿಲ್ಲೆ."

"ಹಂಗಾದ್ರೆ ತೆಗದ್ರೆ ಅಡ್ಡಿಲ್ಯ?"

"ಅಡ್ಡಿಲ್ಲೆ."

ಅವರು ನಂಬಿದರು. ಸಾಲು ತೆಗೆದು, ಪರಿಶೀಲನೆಗೆಂದು ನನಗೇ ಕಳಿಸಿದರು. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಎಂಟೂ ಬ್ಯಾಕ್‌ಸ್ಲ್ಯಾಶು ಅಳಿಸಲು ಸಿದ್ಧವಾಗಿ ನಿಂತಿದ್ದವು. ಒಪ್ಪಿಗೆ ಒತ್ತಿದೆ. ನನಗೆ ದೊಡ್ಡ ಅನಾಹುತವೇನೂ ಬೇಕಾಗಿರಲಿಲ್ಲ. ಸಿದ್ದಾಪುರದ ಕೆಲವು ಚೀಟಿಯಲ್ಲಿ ಹಿಸ್ಸೆ ನಂಬರು ಬಿಟ್ಟುಹೋಗಲಿ, ಗುಮಾಸ್ತ ಫೋನ್ ಮಾಡಿ ಗೊಣಗಲಿ, ಎಲ್ಲರೆದುರು ಅವರ ಮುಖ ಒಮ್ಮೆ ಸಣ್ಣದಾಗಲಿ, ಅಷ್ಟೇ. ಅದೇನು ಸಣ್ಣ ಆಸೆ ಅಂತ ನಾನು ಹೇಳುತ್ತಿಲ್ಲ.

ಹೊಸ ಆವೃತ್ತಿ ಸಂಜೆ ಹೋಯಿತು. ಮರುದಿನ ಸಿದ್ದಾಪುರದಲ್ಲಿ ಟೆಂಡರ್. ಬೆಳಿಗ್ಗೆ ಹತ್ತೂವರೆಗೆ ಅಲ್ಲಿಯ ಗುಮಾಸ್ತನ ಫೋನ್ ಬಂತು. ಫೋನ್ ಹಿಡಿಯುವವಳು ನಾನೇ ತಾನೆ.

"ಮೇಡಂ, ಇದೆಂತ ಮಾಡಿಟ್ಟಿದ್ರಿ? ಚೀಟಿ ಪೂರಾ ಅದಲುಬದಲು! ಒಬ್ಬರ ಹೆಸರು ಒತ್ತಿದ್ರೆ ಹಿಂದಿನವರ ಹೆಸರು ಬರ್ತಾ ಇದ್ದು. ಐವತ್ತು ಗುಡ್ಡೆಗೆ ಚೀಟಿ ಸಿಕ್ಕಿಸಾಯ್ತು. ಒಂದು ಗಂಟೆಗೆ ವ್ಯಾಪಾರಿಗಳು ದರ ಬರೆಯೂಲೆ ಶುರು ಮಾಡ್ತ!"

ಇದನ್ನು ನಾನು ಎಣಿಸಿರಲಿಲ್ಲ. ಪಟ್ಟಿ ತೆರೆದು ನೋಡಿದ ಮೇಲೆ ಗೊತ್ತಾಯಿತು. ನೆಟ್ಟಗಾಗದೆ ಉಳಿದ ಬ್ಯಾಕ್‌ಸ್ಲ್ಯಾಶುಗಳು ಮುಂದೆ ಸಾಲುಗಳನ್ನು ಬರೆಯುವ ಪ್ರಿಂಟ್‌ಎಫ್ ಎಂಬ ಆಜ್ಞೆಗೆ ಹೋಗಿದ್ದವು. ಬ್ಯಾಕ್‌ಸ್ಲ್ಯಾಶಿನ ಮುಂದೆ ಅಂಕೆ ಬಂದರೆ ಅದು ಒಂದು ಗುಪ್ತ ಅಕ್ಷರದ ಸಂಖ್ಯೆ ಎಂದು ಪ್ರಿಂಟ್‌ಎಫ್ ತಿಳಿಯುತ್ತದೆ. ಹೆಚ್ಚಿನವರ ಹಿಸ್ಸೆ ಹೀಗೆ ಕಣ್ಣಿಗೆ ಕಾಣದ ಅಕ್ಷರವಾಗಿ ಮಾಯವಾಗಿತ್ತು, ಅದು ನಾನು ಬಯಸಿದ್ದೇ. ಆದರೆ ಒಬ್ಬರ ಸರ್ವೆ ನಂಬರು 84\12 ಇತ್ತು. ಆ ಲೆಕ್ಕದಲ್ಲಿ ಹನ್ನೆರಡು ಎಂದರೆ ಹೊಸ ಸಾಲು. ಅವರ ಒಂದು ಸಾಲು ಮುರಿದು ಎರಡಾಗಿತ್ತು, ಅವರ ಕೆಳಗಿದ್ದವರೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದರು. ಸಾಲಿನ ಕ್ರಮಸಂಖ್ಯೆಯನ್ನೇ ಸದಸ್ಯರ ಗುರುತಾಗಿ ಇಟ್ಟದ್ದು ಯಾರ ಸೋಮಾರಿತನ ಎಂದು ಕೇಳಬೇಡಿ, ಅದೂ ನನ್ನದೇ.

ಮಾಲೀಕರು ಹಿರಿಯರ ಮೇಜಿಗೆ ಬಂದು ನಿಂತರು. "ಏನ್ ಮಾಡಿದ್ರೀ ಇದು? ಹೊಸಾದು ಹೊಸಾದು ಅಂತ ಎಲ್ಲಾ ಕಿತ್ತು ಹಾಕಿದ್ರಿ. ಒಂದು ಮಾತು ಕೇಳಾಕ ಏನಾಗಿತ್ರಿ ನಿಮಗ?"

ಹಿರಿಯರು ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. "ನನ್ನ ತಪ್ಪು. ಸಿದ್ದಾಪುರದ ಪಟ್ಟಿ ತರಿಸಿ ನೋಡಬೇಕಾಗಿತ್ತು," ಎಂದರು. ಅಷ್ಟೇ.

ನನ್ನನ್ನು ಕೇಳಿದ್ದೆ ಎಂದು ಅವರು ಹೇಳಲಿಲ್ಲ. ಆಗ ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಮತ್ತೆ ಹೊಟ್ಟೆಕಿಚ್ಚೇ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಈ ಮನುಷ್ಯ ನನಗಿಂತ ಮುಂದೆ.

"ಸರ್, ನಾನು ಸರಿ ಮಾಡ್ತೇನೆ. ನನ್ನ ಹಳೇ ಸಾಲು ಹಾಕಿದರೆ ಆಯ್ತು," ಎಂದೆ. ಎಲ್ಲರೂ ನನ್ನ ಹಿಂದೆ ಬಂದು ನಿಂತರು. ಹಳೆಯ ಆವೃತ್ತಿಯಿಂದ ಎಂಟು ಬ್ಯಾಕ್‌ಸ್ಲ್ಯಾಶಿನ ಸಾಲನ್ನು ತಂದು ಅವರ ಹೊಸ ಕಡತದೊಳಗೆ ಅಂಟಿಸಿ ಓಡಿಸಿದೆ. ಪಟ್ಟಿ ಬಂತು. 84ರಲ್ಲಿ ಸಾಲು ಮುರಿದೇ ಇತ್ತು. ಇನ್ನೊಮ್ಮೆ ಓಡಿಸಿದೆ. ಅದೇ. ಮಾಲೀಕರ ಫೋನ್ ಮತ್ತೆ ಬಡಿದುಕೊಂಡಿತು, ಅವರು ಉತ್ತರಿಸುತ್ತ ಮೆಟ್ಟಿಲ ಕಡೆ ಹೋದರು. ಉಳಿದವರೂ ತಮ್ಮ ಜಾಗಕ್ಕೆ ಹೋದರು. ನಾನು ಆ ಸಾಲನ್ನು ಮತ್ತೆ ಮೊದಲಿನಿಂದ ಓದತೊಡಗಿದೆ.

ಅಲ್ಲೇ ನಿಂತಿದ್ದ ಹಿರಿಯರು ಬಗ್ಗಿ ಮೆಲ್ಲಗೆ, "ಈಗ ಪದರ ಇಲ್ಲೆ ಅಲ್ದ ತಂಗಿ. ಎಂಟು ಹಾಕಿದ್ರೆ ಅದು ನಾಲ್ಕು ಬ್ಯಾಕ್‌ಸ್ಲ್ಯಾಶ್ ಒಟ್ಟಿಗೆ ಇದ್ದ ಜಾಗ ಹುಡುಕ್ತು. ಎರಡೇ ಸಾಕು," ಎಂದರು.

ಆರು ಅಳಿಸಿದೆ. ಓಡಿಸಿದೆ. 84/12 ನೆಟ್ಟಗೆ ಒಂದೇ ಸಾಲಿನಲ್ಲಿ ಬಂತು.

ಮಾಲೀಕರು ಫೋನ್ ಮುಗಿಸಿ ಬಂದಾಗ ಕಂಡದ್ದು ಸರಿಯಾದ ಪಟ್ಟಿ, ಅದರೆದುರು ಕೂತ ನಾನು. "ಹಳೇ ಕೈ ಹಳೇ ಕೈನೇ ಮೇಡಂ!" ಎಂದು ಕಾರಿನ ಕೀಲಿ ಕೊಟ್ಟರು. "ಇಬ್ರೂ ಹೋಗ್ರಿ. ಮಧ್ಯಾಹ್ನ ಒಂದು ಗಂಟೆ ಬಡಿಯೋದ್ರಾಗ ಆ ಚೀಟಿ ಬದಲಾಗಬೇಕು."

ಸಿದ್ದಾಪುರಕ್ಕೆ ನಾನೇ ಕಾರು ಓಡಿಸಿದೆ. ಒಂದು ತಾಸಿನ ದಾರಿಯಲ್ಲಿ ಹಿರಿಯರು ಮಾತಾಡಿದ್ದು ಒಂದೇ ಸಲ, ತಿರುವಿನಲ್ಲಿ ಲಾರಿ ಬಂದಾಗ. ಯಾರ್ಡಿನಲ್ಲಿ ಬೆಳೆಗಾರರು ಗುಂಪುಗುಂಪಾಗಿ ನಿಂತಿದ್ದರು. ನಾವು ಹೊಸ ಪಟ್ಟಿಯನ್ನು ಒಂದೊಂದೇ ಕೈಯಂತ್ರಕ್ಕೆ ತುಂಬಿಸಿ, ಗುಡ್ಡೆಯಿಂದ ಗುಡ್ಡೆಗೆ ಹೋಗಿ ಮಾಲಿನ ಒಡೆಯರನ್ನೇ ಕೇಳಿ ಹಳೆಯ ಚೀಟಿ ಕಿತ್ತು ಹೊಸತು ಸಿಕ್ಕಿಸತೊಡಗಿದೆವು.

ನಡುವಯಸ್ಸಿನ ಹೆಂಗಸೊಬ್ಬಳು ತನ್ನ ಒಣಗಿಸಿದ ಚಾಲಿ ಅಡಿಕೆಯ ಗುಡ್ಡೆಯ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದಳು. ವ್ಯಾಪಾರಿಯೊಬ್ಬ ಹತ್ತಿರ ಬಂದರೆ, "ಇದ್ನ ಮುಟ್ಟಡಿ, ಚೀಟಿ ತಪ್ಪಿದ್ದು," ಎಂದು ಗದರಿಸುತ್ತಿದ್ದಳು. ಚೀಟಿಯಲ್ಲಿದ್ದ ಹೆಸರು ಅವಳ ಮೈದುನನದು. "ಪಾಲಾಗಿ ಎರಡು ವರ್ಷ ಆತು. ಯನ್ನ ಹೆಸರಲ್ಲಿ ಯಾರ್ಡಿಗೆ ಮಾಲು ತಂದಿದ್ದು ಇದೇ ಮೊದ್ಲು," ಎಂದಳು ನನಗೆ. "ಇಲ್ಲೂ ಅವನ ಹೆಸರೇ ಬಂದ್ರೆ ಆನು ಎಂತ ಹೇಳವು?" ನಾನು ಸರ್ವೆ ನಂಬರು ಕೇಳಿ, ಅವಳ ಹೆಸರಿನ ಚೀಟಿ ಮುದ್ರಿಸಿ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿ, ತಾನೇ ಸಿಕ್ಕಿಸಿದಳು. ಹಿರಿಯರ ಮುಖ ಸಣ್ಣದಾಗಲಿ ಎಂದು ನಾನು ಹೂಡಿದ ಆಟದಲ್ಲಿ ಈ ಹೆಂಗಸು ಎಲ್ಲಿಂದ ಬಂದಳು?

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಕೊನೆಯ ಚೀಟಿ ಬದಲಾಯಿತು. ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ನಮಗೆ ನೀರು ತಂದುಕೊಟ್ಟ. ಹಿರಿಯರು ಅವನನ್ನು, ಪಟ್ಟಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಹೇಗೆ ಬಂತು ಎಂದು ಕೇಳಿದರು.

"ಅದಾ? ಕನ್ನಡದಲ್ಲಿ ಹೊಡೆಯಕ್ಕಾದ್ರೆ ಆ ಕೀಲಿಯಲ್ಲಿ ‘ಯ’ ಬತ್ತು. ಅದ್ಕೇ ಇದ್ನ ಒತ್ತೂದು. ಮೇಡಂಗೆ ಎಲ್ಲಾ ಗೊತ್ತಿದ್ದಲ," ಎಂದು ಅವನು ನನ್ನ ಕಡೆ ಕೈ ತೋರಿಸಿದ. "ಎಂಟು ವರ್ಷದ ಹಿಂದೆ ಇಲ್ಲೇ ಯನ್ನ ಪಕ್ಕ ಕೂತು ನೋಡ್ಕಂಡು ಹೋಗಿದ್ರಲ. ಮರೆಯೂ ವಿಷ್ಯ ಅಲ್ಲ, ಆ ದಿನ ಎಷ್ಟು ನಗ್ಯಾಡಿದ್ವಿ!"

ಹಿರಿಯರು ಲೋಟದ ನೀರು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಿನ ನೋಟ ಅದಲ್ಲ. ನನ್ನ ಸ್ಕ್ರಿಪ್ಟನ್ನು ಮೊದಲ ದಿನ ನೋಡಿದ ಹಾಗೆ, ಯಾವುದು ಎಲ್ಲಿಗೆ ಸೇರುತ್ತದೆ ಎಂದು ಹುಡುಕುವ ನೋಟ. ಆಮೇಲೆ, "ಆನು ಹೋಗ್ತಿ, ಕಾರಲ್ಲಿ ಕೂತಿರ್ತಿ," ಎಂದು ಎದ್ದು ಹೋದರು. ವಾಪಸು ಬರುವಾಗ ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೋ ಏನೋ.

ನಾವು ಮಹಡಿ ಹತ್ತುವ ಹೊತ್ತಿಗೆ ಮಾಲೀಕರು ತೀರ್ಮಾನ ಮಾಡಿ ಆಗಿತ್ತು. ಹಿರಿಯರು ಕೈಕಾಲು ತೊಳೆಯಲು ಹೋದಾಗ ನನ್ನನ್ನು ಒಳಗೆ ಕರೆದರು. "ಬರ್ರಿ ಮೇಡಂ, ಕೂಡ್ರಿ. ಪೈಪ್‌ಲೈನ್ ನೀವೇ ತಗೋರಿ. ಹಿರ್ಯಾರು ಶ್ಯಾಣ್ಯಾ ಅದಾರ, ಖರೆ. ಆದ್ರ ಕೇಳದ ಕೆಲಸ ಮಾಡಿದ್ರ ನಮಗ ಆಗೂದಿಲ್ಲ. ಸೋಮವಾರದಿಂದ ಬ್ಯಾಡ ಅಂತ ನಾನ ಹೇಳ್ತೇನಿ, ನೀವೇನ್ ಮನಸಿಗೆ ಹಚ್ಕೋಬ್ಯಾಡ್ರಿ."

ಒಂದು ತಿಂಗಳಿಂದ ನಾನು ಎದೆಯೊಳಗೆ ಇಟ್ಟುಕೊಂಡು ತಿರುಗಿದ್ದ ಆಸೆ ಅಕ್ಷರ ಬಿಡದೆ ಕೈಗೆ ಬಂದಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಹಿರಿಯರು ಹೇಳುವವರಲ್ಲ, ಗುಮಾಸ್ತನನ್ನು ಕೇಳುವವರಿಲ್ಲ. ನಾನು ತಲೆಯಾಡಿಸಲೂ ಶುರುಮಾಡಿದ್ದೆ, ಸುಳ್ಳು ಹೇಳುವುದಿಲ್ಲ. ಕೇಳದ ಕೆಲಸ ಎಂದರಲ್ಲ, ಆ ಮಾತಿಗೆ ತಲೆಯಾಡಿಸಲು ಆಗಲಿಲ್ಲ. ಆ ಮನುಷ್ಯ ಕುರ್ಚಿ ಎಳೆದುಕೊಂಡು ಬಂದು ಕೇಳಿದ್ದ.

"ಅವರು ನನ್ನನ್ನು ಕೇಳಿದ್ದರು ಸರ್," ಎಂದೆ. "ಆ ಸಾಲು ಯಾಕೆ ಬೇಕು ಅಂತ ನನಗೆ ಗೊತ್ತಿತ್ತು. ನೆನಪಿಲ್ಲ ಅಂದೆ. ತೆಗೀರಿ ಅಂದೆ. ಒಪ್ಪಿಗೆ ಕೊಟ್ಟದ್ದೂ ನಾನೇ."

ಮಾಲೀಕರ ದನಿ ಮೊದಲ ಬಾರಿಗೆ ಇಳಿಯಿತು. "ಯಾಕ್ರೀ ಹಂಗ್ ಮಾಡಿದ್ರಿ?"

"ಹೊಟ್ಟೆಕಿಚ್ಚಿಗೆ."

ಬೇರೆ ಕಾರಣ ಕೊಡಬಹುದಿತ್ತು. ಕೆಲಸದ ಒತ್ತಡ, ಮರೆವು, ಏನಾದರೂ. ಬಾಗಿಲಲ್ಲಿ ಹಿರಿಯರು ಟವೆಲ್ ಹಿಡಿದು ನಿಂತಿದ್ದರು, ಯಾವಾಗ ಬಂದರೋ ಗೊತ್ತಿಲ್ಲ. ಅವರು ತಮ್ಮ ಮೇಜಿಗೆ ಹೋಗಿ ಕೂತರು.

ಹಿರಿಯರು ಉಳಿದರು. ಪೈಪ್‌ಲೈನ್ ಅವರದ್ದಾಯಿತು. ನಾನೂ ಉಳಿದೆ, ಫೋನ್ ಹಿಡಿದುಕೊಂಡು. ಮಾಲೀಕರು ನನಗೆ ಏನು ಹೇಳಿದರು ಎಂಬುದನ್ನು ಬರೆಯುವುದಿಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಒಂದು ಬಿಲ್ಡ್ ತೊಡಕಿಲ್ಲದೆ ಮುಗಿದು ಪರದೆ ಹಸಿರಾದಾಗ ಈಗಲೂ ಎದೆಯಲ್ಲಿ ಚುರುಕ್ ಎನ್ನುತ್ತದೆ.

ಹಿರಿಯರು ಮೊದಲಿನ ಹಾಗೇ ತಂಗಿ ಎಂದು ಕರೆಯುತ್ತಾರೆ. ಹಳೆಯ ಸ್ಕ್ರಿಪ್ಟಿನ ಬಗ್ಗೆ ಏನಾದರೂ ತಿಳಿಯದಿದ್ದರೆ ನನ್ನನ್ನೇ ಕೇಳುತ್ತಾರೆ, ನಾನು ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ. ಅವರು ಗಮನವಿಟ್ಟು ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ನನ್ನೆದುರೇ, ಯಾವ ಮುಚ್ಚುಮರೆಯೂ ಇಲ್ಲದೆ, ಶಾಖೆಗೆ ಫೋನ್ ಮಾಡಿ ಅದು ನಿಜವೇ ಎಂದು ಗುಮಾಸ್ತನನ್ನು ಕೇಳುತ್ತಾರೆ.